ಪುಟ್ಟ ತಿಂಗಳ ಆರನೇ ದಿನ

"ನೈರೂಜ್ ದಿನ ಅಪ್ಪ ಅಮ್ಮನ್ನ ಕರ್ಕೊಂಡು ಬಂದು ಮದುವೆಗೆ ನಿನ್ನ ಕೇಳ್ತೀನಿ," ಎಂದು ಬಖೂಮ್ ನಮ್ಮ ವೆರೀನಾಗೆ ಮಾತು ಕೊಟ್ಟು ಸೈನ್ಯಕ್ಕೆ ವಾಪಸು ಹೋಗಿದ್ದ. ಇದರಲ್ಲಿ ತಪ್ಪು ತಿಳಿಯುವುದಕ್ಕೆ ಏನಿದೆ ಹೇಳಿ? ನೈರೂಜ್ ಎಂದರೆ ನಮ್ಮ ಹೊಸ ವರ್ಷ, ನಂಬಿಕೆಗಾಗಿ ಸತ್ತ ಹುತಾತ್ಮರನ್ನು ನೆನೆಯುವ ಹಬ್ಬ. ಅದು ಸೆಪ್ಟೆಂಬರ್ ಹನ್ನೊಂದಕ್ಕೆ ಬರುತ್ತದೆ ಎಂದು ನದಿ ಈಚೆಯ ನಮ್ಮ ಮಲ್ಲವಿ ಊರಿನ ಯಾವ ಕ್ರೈಸ್ತರ ಮಗುವನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತದೆ.

ವೆರೀನಾ ನನ್ನ ಅಣ್ಣ ವಹೀಬನ ಮಗಳು. ತಾಯಿಯಿಲ್ಲದ ಹುಡುಗಿ, ಬೆಳೆಸಿದವಳು ನಾನು. ಅವಳು ಬಖೂಮನನ್ನು ಬಿಟ್ಟು ಬೇರೆ ಯಾರನ್ನೂ ಕಣ್ಣೆತ್ತಿ ನೋಡಿದವಳಲ್ಲ. ಅಣ್ಣನಿಗೆ ಮಾತ್ರ ಆ ಹುಡುಗನ ಮೇಲೆ ಅಷ್ಟೇನೂ ಒಲವಿರಲಿಲ್ಲ. "ನದಿ ಆಚೆಯವರು, ಗತ್ತು ಜಾಸ್ತಿ," ಎನ್ನುತ್ತಿದ್ದ. ಗತ್ತಿನ ವಿಷಯ ನಮ್ಮ ಅಣ್ಣನೇ ಮಾತಾಡಬೇಕು! ಕೊನೆಗೆ ಮಗಳ ಮುಖ ನೋಡಿ ಒಪ್ಪಿದ. ಒಪ್ಪಿದ ಮೇಲೆ ಸುಮ್ಮನಿರದೆ ನೆಂಟರಿಗೆಲ್ಲ ಹೇಳಿಯೂ ಬಿಟ್ಟ.

ಆ ವರ್ಷ ಹನ್ನೊಂದನೇ ತಾರೀಖು ಶುಕ್ರವಾರ ಬಿತ್ತು. ಚರ್ಚಿನ ಯುವಕ ಸಂಘ ಅಂದೇ ಹಬ್ಬ ಇಟ್ಟುಕೊಂಡಿತು. ಹುತಾತ್ಮರ ನಾಟಕವಾಯಿತು. ದುಷ್ಟ ಚಕ್ರವರ್ತಿಯ ವೇಷ ಹಾಕಿದ್ದ ನಮ್ಮ ಬ್ರೆಡ್ಡಂಗಡಿಯವನ ಮಗನಿಗೆ ಜನ ಕೂಗಿದ ಕೂಗಿಗೆ ಅವನು ಮಾತು ಮರೆತು, ತಾನೇ ಸಂತನ ಕಾಲಿಗೆ ಬಿದ್ದ. ವೆರೀನಾ ಬಂದವರಿಗೆಲ್ಲ ಕೆಂಪು ಖರ್ಜೂರ, ಸೀಬೆಹಣ್ಣು ಹಂಚಿದಳು. ಖರ್ಜೂರದ ಕೆಂಪು ಹುತಾತ್ಮರ ರಕ್ತ, ಒಳಗಿನ ಬಿಳುಪು ಅವರ ಮನಸ್ಸು, ಗಟ್ಟಿ ಬೀಜ ಅವರ ನಂಬಿಕೆ. ಪ್ರತಿ ವರ್ಷ ಹೇಳುವ ಇದೇ ಮಾತನ್ನು ಅವಳು ಆವತ್ತು ತಲೆಕೆಳಗಾಗಿ ಹೇಳುತ್ತಿದ್ದಳು. ಕಣ್ಣೆಲ್ಲ ಬಾಗಿಲ ಕಡೆಗೇ ಇತ್ತು. ಕೊನೆಯಲ್ಲಿ ಪಾದ್ರಿಗಳು "ನಾಳೆ ಬೆಳಿಗ್ಗೆ ಹೊಸ ವರ್ಷದ ಪೂಜೆ, ಯಾರೂ ತಪ್ಪಿಸಬೇಡಿ," ಎಂದರು. ಒಂದು ದಿನದ ಹಬ್ಬವನ್ನು ಎರಡು ದಿನಕ್ಕೆ ಎಳೆಯುವುದು ಪಾದ್ರಿಗಳಿಗೆ ಹೊಸದೇ ಎಂದುಕೊಂಡು ನಾನು ಬಟ್ಟಲು ತೊಳೆಯುವುದಕ್ಕೆ ಎದ್ದೆ.

ಸಂಜೆ ಮನೆ ತುಂಬ ನೆಂಟರು. ಬಾತುಕೋಳಿ ಬೆಂದು, ಆರಿ, ಮತ್ತೆ ಬಿಸಿಯಾಗಿ, ಮತ್ತೆ ಆರಿತು. ಬಖೂಮನ ಸುದ್ದಿಯಿಲ್ಲ. ಸೈನ್ಯದವರು ಹುಡುಗರ ಫೋನು ಇಟ್ಟುಕೊಳ್ಳುತ್ತಾರೆ, ಹಾಗಾಗಿ ಅವನಿಗೆ ಫೋನ್ ಮಾಡುವಂತಿಲ್ಲ.

"ಅವನ ಅಪ್ಪನಿಗಾದ್ರೂ ಒಂದು ಫೋನ್ ಹಚ್ಚು," ಎಂದೆ ಅಣ್ಣನಿಗೆ.

"ಹೆಣ್ಣಿನ ಕಡೆಯವನು ನಾನು ಫೋನ್ ಮಾಡಿ, 'ಯಾಕ್ರೀ ಬರ್ಲಿಲ್ಲ, ನನ್ನ ಮಗಳು ಕಾಯ್ತಾ ಇದ್ದಾಳೆ' ಅನ್ಲಾ? ನಿನಗೆ ತಲೆ ನೆಟ್ಟಗಿದೆಯಾ ಫೆರ್ಯಾಲ್?"

"ಇನ್ನೂ ಎಂಟು ಗಂಟೆ ಅಪ್ಪ. ದೋಣಿ ತಡ ಆಗಿರ್ಬಹುದು," ಎಂದಳು ವೆರೀನಾ.

"ದೋಣಿ ಅಲ್ಲಮ್ಮ, ಮನಸ್ಸು ಬದಲಾಗಿರೋದು."

ಆಗ ಬಾಯಿ ಹಾಕಿದವಳು ಕೆಳಗಿನ ಮನೆಯ ಇವೋನ್. ಅವಳ ಮಗ ನಸೀಫನಿಗೆ ಕನ್ನಡಕದ ಅಂಗಡಿ. ಮೂವತ್ತು ದಾಟಿದ, ಮಾತು ಕಡಿಮೆಯ ಗಂಡಸು. ಆ ತಾಯಿ ವರ್ಷದಿಂದ ವೆರೀನಾ ಮೇಲೆ ಕಣ್ಣಿಟ್ಟಿದ್ದಳು.

"ವಹೀಬಣ್ಣ, ಮುಖ ಯಾಕೆ ಹಾಗಿದೆ? ಸೀಬೆಹಣ್ಣು ಹುಳಿ ಇತ್ತಾ?" ಎಂದು ಶುರು ಮಾಡಿ, "ಊರಿನ ಮುಂದೆ ಮಾನ ಹೋಗೋಕೆ ನಾವು ಬಿಡ್ತೀವಾ? ನನ್ನ ಮಗ ಕೆಳಗೇ ಇದ್ದಾನೆ. ಕೂಗಿದ್ರೆ ಬರ್ತಾನೆ," ಎಂದಳು. ಕಾದ ಕಬ್ಬಿಣ ಬಡಿಯುವುದನ್ನು ಅವಳಿಂದ ಕಲಿಯಬೇಕು.

ಅಣ್ಣ ನೆಂಟರ ಮುಖ ನೋಡಿದ. ಒಬ್ಬಳು ಕೈ ಅಡ್ಡ ಹಿಡಿದು ನಗು ಮುಚ್ಚಿಕೊಳ್ಳುತ್ತಿದ್ದಳು. ಅದೇ ಸಾಕಾಯಿತು.

"ಕೂಗಿ ಅವನನ್ನ," ಎಂದ.

ನಸೀಫ್ ಬಂದ, ಏನು ಎತ್ತ ಎಂದು ತಿಳಿಯುವ ಮೊದಲೇ ಎಲ್ಲರೂ ಎದ್ದು ನಿಂತಿದ್ದರು. ನಮ್ಮಲ್ಲಿ ಎರಡು ಮನೆಯವರು ಸೇರಿ ನಿಂತು 'ಪರಲೋಕದಲ್ಲಿರುವ ನಮ್ಮ ತಂದೆಯೇ' ಹೇಳಿದರೆ ಮುಗಿಯಿತು, ಮಾತು ಕೊಟ್ಟ ಹಾಗೆ. ಹೇಳಿದೆವು. ನಾನೂ ಹೇಳಿದೆ. ವೆರೀನಾ ತುಟಿಯೂ ಅಲ್ಲಾಡಿತು. ಇವೋನ್ ನಾಲಿಗೆ ಹೊರಳಿಸಿ ಕೂಗಿದ ಮಂಗಳದ ಕೂಗು ಮೂರು ಬೀದಿಗೆ ಕೇಳಿಸಿತು.

ಮರುದಿನ ಬೆಳಿಗ್ಗೆ ಚರ್ಚಿನ ಗಂಟೆ ಹೊಡೆದೇ ಹೊಡೆಯಿತು. ನಮ್ಮ ಮನೆಯಿಂದ ಯಾರೂ ಪೂಜೆಗೆ ಹೋಗಲಿಲ್ಲ. ವೆರೀನಾ ಅತ್ತು ಅತ್ತು ಮುಖ ಬಾತಿತ್ತು, ಅಣ್ಣ ಯಾರ ಕಣ್ಣಿಗೂ ಬೀಳದೆ ಕೋಣೆ ಸೇರಿದ್ದ. ಇವೋನ್ ಮಾತ್ರ ಮಗನನ್ನು ಕರೆದುಕೊಂಡು ಸಿಹಿಯ ತಟ್ಟೆ ಹೊತ್ತು ಹತ್ತು ಗಂಟೆಗೇ ಬಂದು ಕೂತಳು. ಶರಬತ್ತು ಮಾಡಲು ವೆರೀನಾಗೆ ಹೇಳಿ ನಾನು ಹೊರಗೆ ಬರುತ್ತೇನೆ, ಬಾಗಿಲು ತಟ್ಟಿದ ಸದ್ದು.

ತೆಗೆದರೆ ಬಖೂಮ್! ಇಸ್ತ್ರಿ ಅಂಗಿ, ಮುಖ ತುಂಬ ನಗು. ಹಿಂದೆ ಅವನ ಅಪ್ಪ, ಅಮ್ಮ, ಒಂದು ಬುಟ್ಟಿ ಕೆಂಪು ಖರ್ಜೂರ.

"ಹೊಸ ವರ್ಷದ ಶುಭಾಶಯ ಅತ್ತೆ!"

ನಾನು ತಿರುಗಿ ಇವೋನ್ ಕಡೆ ನೋಡಿದೆ. ಅವರೇ ಒಳಗೆ ಬಂದರು. ಇವೋನ್ ಎದ್ದು ಬಖೂಮನ ತಾಯಿಯನ್ನು ತಬ್ಬಿಕೊಂಡಳು.

"ಸಂತೋಷಕ್ಕೆ ಅಂತ ಬುಟ್ಟಿ ಹೊತ್ತು ಬಂದ್ರಲ್ಲ, ದೊಡ್ಡ ಮನಸ್ಸು ನಿಮ್ಮದು!"

"ನಮ್ಮದೇ ಸಂತೋಷ ಅಲ್ವಾ ಅಕ್ಕ, ಬರ್ದೆ ಇರ್ತೀವಾ?"

"ಹುಡುಗಿ ಕಡೆ ನೆಂಟರಾ?"

"ಅಯ್ಯೋ ಇಲ್ಲ, ಹುಡುಗನ ಕಡೆ."

"ಹುಡುಗನ ಕಡೆ ನಿಮ್ಮನ್ನ ನಾನು ನೋಡೇ ಇಲ್ವಲ್ಲ. ಏನಾಗ್ಬೇಕು ನೀವು?"

"ತಾಯಿ."

"ಯಾರ ತಾಯಿ?"

ಆಮೇಲೆ ಮನೆಯಲ್ಲಿ ಸಂತೆ. ಗದ್ದಲ ಕೇಳಿ ಅಣ್ಣ ಕೋಣೆಯಿಂದ ಹೊರಗೆ ಬಂದ. "ನಿನ್ನೆ ಬರ್ದೆ ಇವತ್ತು ಯಾವ ಮುಖ ಇಟ್ಕೊಂಡು ಬಂದ್ಯೋ?" ಎಂದ.

"ನಿನ್ನೆ ಯಾಕೆ ಬರ್ಲಿ ಮಾವ? ನೈರೂಜ್ ಇವತ್ತು."

"ನಿನ್ನೆ ಹನ್ನೊಂದು!"

"ಈ ವರ್ಷ ಹನ್ನೆರಡಕ್ಕೆ. ಪುಟ್ಟ ತಿಂಗಳಿಗೆ ಈ ಸಲ ಆರು ದಿನ."

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ನಮ್ಮ ವರ್ಷಕ್ಕೆ ಹದಿಮೂರು ತಿಂಗಳು, ಕೊನೆಯದು ಐದೇ ದಿನದ ಪುಟ್ಟ ತಿಂಗಳು. ನಾಲ್ಕು ವರ್ಷಕ್ಕೊಮ್ಮೆ ಅದಕ್ಕೆ ಇನ್ನೊಂದು ದಿನ ಅಂಟಿಕೊಂಡು ಹಬ್ಬ ಒಂದು ದಿನ ಮುಂದೆ ಹೋಗುತ್ತದೆ. ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ಪ್ರತಿ ಸಲ ಮರೆಯುವವರು ನಾವು.

"ಮತ್ತೆ ಸಂಘದವರು ನಿನ್ನೆ ಹಬ್ಬ ಮಾಡಿದ್ರಲ್ಲ!" ಎಂದೆ.

"ಶುಕ್ರವಾರ ಎಲ್ರಿಗೂ ರಜೆ ಅಂತ ಮಾಡಿರ್ತಾರೆ ಅತ್ತೆ."

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಅಣ್ಣ ಕುರ್ಚಿ ಹಿಡಿದುಕೊಂಡು ಕೂತ. ಬಖೂಮನ ಅಪ್ಪ, ಹಬ್ಬವೇ ಅಲ್ಲದ ದಿನ ಕೊಟ್ಟ ಮಾತು ಲೆಕ್ಕಕ್ಕಿಲ್ಲ ಎಂದ. "ಪ್ರಾರ್ಥನೆಗೆ ಪಂಚಾಂಗ ಬೇಕಾ? ನಿನ್ನೆ ದೇವರು ರಜೆ ಹಾಕಿದ್ನಾ?" ಎಂದಳು ಇವೋನ್. ಇಬ್ಬರು ಹೇಳಿದ್ದೂ ನನಗೆ ಸರಿ ಎನಿಸಿತು. ಯಾರಿಗೆ ತಲೆಯಾಡಿಸಲಿ ಎಂದೇ ತಿಳಿಯಲಿಲ್ಲ.

ಶರಬತ್ತಿನ ತಟ್ಟೆ ಹಿಡಿದು ವೆರೀನಾ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಬಖೂಮನನ್ನು ನೋಡಿ ಅವಳ ಮುಖ ಅರಳಿತು. ಆದರೆ ಅವನ ಮುಖದಲ್ಲಿ ನಗು ಇರಲಿಲ್ಲ.

"ನೀನೂ ನಿಂತು ಪ್ರಾರ್ಥನೆ ಹೇಳಿದ್ಯಾ?" ಎಂದು ಕೇಳಿದ.

"ಹೇಳಿದೆ."

"ಒಂದು ದಿನ ಕಾಯೋಕೆ ಆಗ್ಲಿಲ್ವಾ ನಿನಗೆ? ಅಷ್ಟೇನಾ ನಾನು? ನಮ್ಮ ಊರಲ್ಲಿ ತಲೆ ಎತ್ತಿ ಹೇಗೆ ನಡೀಲಿ?"

ಅವಳ ಬಾತ ಕಣ್ಣು ಅವನಿಗೆ ಕಾಣಲೇ ಇಲ್ಲವಲ್ಲ ಎಂದು ನನಗೆ ಉರಿದುಹೋಯಿತು. ಊರಂತೆ, ತಲೆಯಂತೆ! ನಮ್ಮಣ್ಣ ಒಬ್ಬ ಸಾಲದೆ ಇನ್ನೊಬ್ಬ.

ಅಷ್ಟು ಹೊತ್ತೂ ಮೂಲೆಯಲ್ಲಿದ್ದ ನಸೀಫ್ ಎದ್ದ. "ನಿನ್ನೆ ಇನ್ನೂ ಹಳೇ ವರ್ಷ ಅಂತಾಯ್ತಲ್ಲ. ಹಳೇ ವರ್ಷದ ಮಾತು ಹಳೇ ವರ್ಷಕ್ಕೇ ಹೋಗ್ಲಿ. ಏಳಮ್ಮ," ಎಂದ. ವೆರೀನಾ ಮುಂದೆ ಬಂದು ದನಿ ತಗ್ಗಿಸಿದ. "ನಿನ್ನೆ ನಿನ್ನನ್ನ ಒಂದು ಮಾತು ಕೇಳ್ಬೇಕಿತ್ತು. ಕೇಳ್ಲಿಲ್ಲ. ಅದು ನನ್ನ ತಪ್ಪು." ತಾಯಿಯ ಕೈ ಹಿಡಿದು ಹೊರಟ.

ಆ ಮನುಷ್ಯ ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ವೆರೀನಾ ಅವನ ಬೆನ್ನನ್ನೇ ನೋಡುತ್ತಿದ್ದಳು. ಯಾಕೆ ನೋಡುತ್ತಿದ್ದಾಳೆಂದು ಅವಳಿಗೂ ತಿಳಿದಿರಲಿಲ್ಲವೇನೋ.

"ಸರಿ, ಗಂಟು ಬಿಚ್ಕೊಳ್ತು," ಎಂದು ಬಖೂಮನ ಅಪ್ಪ ಕೈ ಒರೆಸಿಕೊಂಡ. "ಏಳಿ ವಹೀಬ್, ಪ್ರಾರ್ಥನೆ ಹೇಳೋಣ." ಅಣ್ಣ ಎದ್ದ. ಬಖೂಮನೂ ಎದ್ದು ಅಂಗಿ ಸರಿಮಾಡಿಕೊಂಡ. ನನ್ನ ಹಾಳು ಕಾಲುಗಳೂ ಎದ್ದು ನಿಂತವು.

ವೆರೀನಾ ತಟ್ಟೆಯನ್ನು ಮೇಜಿನ ಮೇಲಿಟ್ಟು ಕುರ್ಚಿ ಎಳೆದುಕೊಂಡು ಕೂತಳು.

"ಕೂತ್ಕೊಳ್ಳಿ ಎಲ್ರೂ," ಎಂದಳು. "ನಿನ್ನೆ ಬೆಳಿಗ್ಗೆ ಕೇಳಿದ್ರೆ ನನಗೆ ಯಾರು ಬೇಕು ಅಂತ ಕೂಗಿ ಹೇಳ್ತಿದ್ದೆ. ಯಾರೂ ಕೇಳ್ಲಿಲ್ಲ. ಈಗ ನನಗೇ ಗೊತ್ತಾಗ್ತಾ ಇಲ್ಲ."

"ಮತ್ತೆ ಯಾವಾಗಮ್ಮ ಗೊತ್ತಾಗೋದು?" ಎಂದ ಅಣ್ಣ. ಮಗಳನ್ನು ಅವನು ಕೇಳಿದ ಮೊದಲ ಪ್ರಶ್ನೆ ಅದು.

"ಹೊಸ ವರ್ಷದ ದಿನ ಹೇಳ್ತೀನಿ."

"ಅದು ಇವತ್ತೇ ಅಂತ ಈಗ ತಾನೇ ಜಗಳ ಆಡಿದ್ವಲ್ಲೇ!"

"ಇದಲ್ಲ ಅಪ್ಪ, ಜನವರಿದು. ಅದರ ತಾರೀಖು ನಿಮಗ್ಯಾರಿಗೂ ತಪ್ಪಲ್ಲ. ಆವತ್ತು ಯಾರೂ ಇಲ್ಲಿಗೆ ಬರೋದು ಬೇಡ. ಯಾರ ಮನೆಗೆ ಹೋಗ್ಬೇಕೋ ಅವರ ಮನೆಗೆ ನಾನೇ ಹೋಗಿ ಕೇಳ್ತೀನಿ."

ಬಖೂಮ್ ಸರಿಮಾಡಿಕೊಂಡಿದ್ದ ಅಂಗಿಯನ್ನೇ ಮತ್ತೆ ಸರಿಮಾಡಿಕೊಂಡ. ಮೆಟ್ಟಿಲ ಮೇಲೆ ತಾಯಿಯನ್ನು ನಿಧಾನಕ್ಕೆ ಇಳಿಸಿಕೊಂಡು ಹೋಗುತ್ತಿದ್ದ ನಸೀಫನ ಹೆಜ್ಜೆಗಳ ಸದ್ದು ನಿಂತಿತು. ಯಾರ ಮನೆಗೆ ಎಂದು ಕೇಳುವ ಧೈರ್ಯ ಇಬ್ಬರಲ್ಲಿ ಯಾರಿಗೂ ಬರಲಿಲ್ಲ.