ಅಡಿಹಲಗೆ

“ಲೇ ಬಡಗಿ, ಬೋಳಿಮಗನೆ, ಇದನ್ನ ಕೆಲಸ ಅಂತಾರೇನೋ? ಈ ಸಂದು ಕುರುಡನಿಗೂ ಕಾಣುತ್ತಲ್ಲೋ!”

ಹೆಡ್ ವಾರ್ಡರ್ ಪೆಟ್ಟಿಗೆಯನ್ನು ತಲೆಕೆಳಗು ಮಾಡಿ ಬಡಗಿಯ ಮೂಗಿಗೆ ತಾಗುವಂತೆ ಹಿಡಿದ. ಬಡಗಿ ಅದನ್ನು ಇಸಿದುಕೊಂಡು, ಅಡಿಹಲಗೆಯನ್ನು ಹೊರಗೆಳೆದು ಅಂಚನ್ನು ಮತ್ತೆ ಕೀಸತೊಡಗಿದ.

ಹೆಡ್ ವಾರ್ಡರನನ್ನು ಕೈದಿಗಳು ಬೆನ್ನ ಹಿಂದೆ ‘ಮಾವ’ ಎನ್ನುತ್ತಿದ್ದರು. ಜೈಲು ಮಾವನ ಮನೆಯಾದ ಮೇಲೆ ಯಜಮಾನನನ್ನು ಇನ್ನೇನೆಂದು ಕರೆಯುವುದು? ಊಟ ಅವನದು, ಕಂಬಳಿ ಅವನದು, ಒದೆಯೂ ಅವನದೇ.

ಜೈಲು ಸಿಬ್ಬಂದಿಯ ಲಂಚಕ್ಕೆ ಕಡಿವಾಣ ಹಾಕಬೇಕೆಂದು ಮೇಲಿನಿಂದ ಹುಕುಂ ಬಂದಿತ್ತು. ಬ್ಯಾರಕ್ಕಿನ ಗೋಡೆಗೆ ಒಂದು ದೂರು ಪೆಟ್ಟಿಗೆ, ಅದರ ಮುಚ್ಚಳಕ್ಕೆ ಎರಡು ಬೀಗ, ಎರಡು ಕೀಲಿಯೂ ತಿಂಗಳಿಗೊಮ್ಮೆ ತಪಾಸಣೆಗೆ ಬರುವ ದೊಡ್ಡ ಸಾಹೇಬರ ಜೇಬಿನಲ್ಲಿ. ಬೀಗ ಇರುವುದು ಮೇಲೆ ತಾನೆ? ಮಾವನ ಕಣ್ಣು ಬಿದ್ದದ್ದು ಅಡಿಗೆ. ಮೂಲೆಯಲ್ಲಿ ಹೆಬ್ಬೆರಳು ಒತ್ತಿದರೆ ಅಡಿಹಲಗೆ ಜಾರಿ ಬರಬೇಕು, ಚೀಟಿಗಳು ಅಂಗೈಗೆ ಬೀಳಬೇಕು, ವಾಪಸ್ ತಳ್ಳಿದರೆ ಹುಟ್ಟಿಸಿದ ದೇವರಿಗೂ ಗೊತ್ತಾಗಬಾರದು.

ಮೊದಲ ದಿನವೇ ಬಡಗಿ ತಡವರಿಸಿದ್ದ. “ಸಾರ್, ಬೇರೆ ಏನಾದ್ರೂ ಹೇಳಿ, ಮಾಡ್ತೀನಿ. ಇದೊಂದು ಬೇಡ.”

ಮಾವ ಜೇಬಿನಿಂದ ಮಾತ್ರೆಯ ಹಾಳೆ ತೆಗೆದು ಗಿಲಕಿಯಂತೆ ಅಲ್ಲಾಡಿಸಿದ್ದ. “ನಿನ್ನ ತಮ್ಮ ಬೇಡ್ವಾ ಹಾಗಾದ್ರೆ?”

ಬಡಗಿಯ ತಮ್ಮನಿಗೆ ಚಿಕ್ಕಂದಿನಿಂದ ಮೂರ್ಛೆ ರೋಗ. ದಿನಕ್ಕೆರಡು ಮಾತ್ರೆ ತಪ್ಪಿದರೆ ಕುಳಿತಲ್ಲೇ ಬಿದ್ದು ಒದ್ದಾಡುತ್ತಿದ್ದ. ಜೈಲಿನ ಡಾಕ್ಟರು ಬರೆದುಕೊಡುತ್ತಿದ್ದರು, ಔಷಧ ಕೋಣೆಯವನು ಎಣಿಸಿಯೇ ಕೊಡುತ್ತಿದ್ದ. ಆದರೆ ಕೊಡುತ್ತಿದ್ದುದು ವಾರ್ಡರನ ಕೈಗೆ. ನಾಲ್ಕು ನುಂಗಿದರೆ ಮತ್ತೇರಿಸುವ ಮಾತ್ರೆ ಅದು. ಅದಕ್ಕೆ ಬ್ಯಾರಕ್ಕಿನಲ್ಲಿ ಗಿರಾಕಿಗಳಿದ್ದರು. ಹೀಗಾಗಿ ತಮ್ಮನ ಹೆಸರಿಗೆ ಬಂದ ಮಾತ್ರೆಯನ್ನು ಅಣ್ಣ ದುಡಿದು ಬಿಡಿಸಿಕೊಳ್ಳಬೇಕಿತ್ತು. ಮನೆ ಮಾಲೀಕನೊಬ್ಬನ ತೇಗದ ಹಲಗೆ ಕದ್ದರೆಂಬ ಕೇಸಿನಲ್ಲಿ ಅಣ್ಣತಮ್ಮ ಒಳಗೆ ಬಂದಿದ್ದರು. ಹೊರಗೆ ಇನ್ನೊಬ್ಬರ ಒಂದು ಚಕ್ಕೆಯನ್ನೂ ಮುಟ್ಟದ ಬಡಗಿ, ಒಳಗೆ ಬಂದ ಮೇಲೆ ಸರ್ಕಾರದ ಮರದಲ್ಲಿ ಮಾವನ ಮಗಳಿಗೆ ಮಂಚ, ಹೆಂಡತಿಗೆ ಕನ್ನಡಿ ಮೇಜು, ನಾದಿನಿಗೆ ಬೀರು ಮಾಡಿಕೊಟ್ಟಿದ್ದ.

ಅಂಚು ಕೀಸಿ, ಮೇಣ ತಿಕ್ಕಿ, ಅಡಿಹಲಗೆಯನ್ನು ತೋಡಿನಲ್ಲಿ ಕೂರಿಸಿದ. ಸಂದು ಮಾಯವಾಯಿತು. ಮಾವ ಉಗುರು ಹಾಕಿ ಕೆದಕಿದ, ಬೆಳಕಿಗೆ ಹಿಡಿದ. “ಭೇಷ್! ಕೈ ಅಂದ್ರೆ ಇದು ಕಣೋ.”

ನಾಚಿಕೆಯಾಗುವಂಥ ಮಾತೆಂದರೆ, ಬಡಗಿಗೆ ಆ ಗಳಿಗೆ ಒಳಗೊಳಗೇ ಹಿಗ್ಗೂ ಆಯಿತು.

ಪೆಟ್ಟಿಗೆ ಗೋಡೆಗೇರಿತು. ಮೇಲೊಂದು ಬೋರ್ಡು. ನಾಲ್ಕಕ್ಷರ ಕಲಿತಿದ್ದ ತಮ್ಮ ಅದನ್ನು ಗಟ್ಟಿಯಾಗಿ ಓದಿ ಹೇಳಿದ: “‘ಹೆದರದೆ ಬರೆಯಿರಿ. ಹೆಸರು ಗುಟ್ಟಾಗಿರುತ್ತದೆ.’ ಅಣ್ಣಾ, ಇದನ್ನ ಮಾಡಿದ್ದು ನೀನಾ?”

“ಹೂಂ.”

“ಹಾಗಾದ್ರೆ ಭದ್ರವಾಗಿರುತ್ತೆ ಬಿಡು.”

“ನೀನು ಏನೂ ಬರೀಬೇಡ.”

“ಯಾಕೆ?”

ಬಡಗಿಯ ನಾಲಿಗೆಯ ತುದಿಗೆ ಬಂದದ್ದು ಅಲ್ಲೇ ನಿಂತಿತು. ಹೇಳಿದರೆ, ನಿನ್ನ ಮಾತ್ರೆಗಾಗಿ ಇಡೀ ಬ್ಯಾರಕ್ಕಿನ ಬಾಯಿಗೆ ಬಲೆ ನೇಯ್ದೆ ಎಂದು ಹೇಳಬೇಕು. “ಬೇಡ ಅಂದೆನಲ್ಲ, ಬೇಡ,” ಎಂದು ಸಿಡುಕಿ ಮಗ್ಗುಲಾದ.

“ನಿಂಗೆ ಮೊದಲಿನಿಂದಲೂ ಪುಕ್ಕಲು,” ಎಂದು ತಮ್ಮ ನಕ್ಕ.

ಸಂಜೆ ವರ್ಕ್‌ಶಾಪಿನಿಂದ ಹೊರಡುವಾಗ ಉಳಿ, ಗರಗಸ, ಮೊಳೆಯನ್ನೂ ಎಣಿಸಿ ಇಟ್ಟುಕೊಳ್ಳುತ್ತಿದ್ದರು. ಕಿವಿಯ ಮೇಲಿನ ಮೋಟು ಪೆನ್ಸಿಲನ್ನು ಯಾರೂ ಎಣಿಸುತ್ತಿರಲಿಲ್ಲ. ಎರಡು ದಿನದ ಮೇಲೆ ಬಡಗಿ ಸ್ನಾನಕ್ಕೆ ಹೋದಾಗ ತಮ್ಮ ಆ ಪೆನ್ಸಿಲು ತೆಗೆದುಕೊಂಡ. ಸೋಪಿನ ಹೊದಿಕೆಯ ಒಳಮೈಯಲ್ಲಿ ಬರೆದು, ಮಡಿಸಿ, ಪೆಟ್ಟಿಗೆಗೆ ಹಾಕಿದ.

ಮಾರನೆಯ ಬೆಳಿಗ್ಗೆ ಆ ಚೀಟಿ ವರ್ಕ್‌ಶಾಪಿನಲ್ಲಿ ಮಾವನ ಕೈಯಲ್ಲಿತ್ತು. ಮಾವ ಮೇಜಿನ ಮೇಲೆ ಕಾಲು ಹಾಕಿ ರಾಗವಾಗಿ ಓದಿದ: “‘ಮಾತ್ರೆಗಳನ್ನು ವಾರ್ಡರರ ಕೈಗೆ ಕೊಡಬೇಡಿ ಸಾಹೇಬರೇ. ಆಸ್ಪತ್ರೆಯ ನರ್ಸಮ್ಮ ಎಲ್ಲರ ಮುಂದೆ ಹೆಸರು ಕೂಗಿ, ಬಾಯಿಗೇ ಹಾಕಿ ನೀರು ಕುಡಿಸಲಿ. ಆಗ ಮಾರುವುದಕ್ಕೆ ಏನೂ ಉಳಿಯುವುದಿಲ್ಲ.’ ಅಬ್ಬಬ್ಬಾ! ಮಂತ್ರಿಗೂ ಹೊಳೀಲಿಲ್ಲವಲ್ಲೋ ಇದು! ಕೆಳಗೆ ಹೆಸರು, ನಂಬರು ಬೇರೆ ಹಾಕಿದ್ದಾನೆ, ಬೆಪ್ಪು ನನ್ಮಗ.”

ಬಡಗಿ ಮಾವನ ಬೂಟು ಹಿಡಿದುಕೊಂಡ. “ಸಾರ್, ತಿಳೀದೆ ಬರೆದಿದ್ದಾನೆ. ಹುಡುಗುಬುದ್ಧಿ. ನಿಮ್ಮ ಮನೆಗೆ ಇನ್ನೇನು ಬೇಕು ಹೇಳಿ…”

“ನಂಗೇನೂ ಬೇಡಪ್ಪ. ನರ್ಸಮ್ಮ ಬರ್ತಾಳೆ, ಕುಡಿಸ್ತಾಳೆ. ಕಾಯಿ.”

ನರ್ಸಮ್ಮ ಬರಲಿಲ್ಲ, ಮಾತ್ರೆಯೂ ಬರಲಿಲ್ಲ. ಎರಡು ದಿನ ಬಡಗಿ ತಮ್ಮನ ನೆರಳು ಬಿಟ್ಟು ಕದಲಲಿಲ್ಲ. ಮೂರನೆಯ ಬೆಳಿಗ್ಗೆ ತಲೆ ಎಣಿಸುವ ಸಾಲಿನಲ್ಲಿ ನಿಂತಿದ್ದಾಗ ತಮ್ಮ ಮರ ಉರುಳಿದಂತೆ ಉರುಳಿದ. ನೀರಿನ ತೊಟ್ಟಿಯ ಕಲ್ಲಂಚು ತಲೆಗೆ ಬಡಿಯಿತು. ಒಂದು ಸೆಳೆತ ನಿಂತರೆ ಇನ್ನೊಂದು, ಅದು ನಿಂತರೆ ಮತ್ತೊಂದು. ಬಡಗಿ ಅವನನ್ನು ಮಗ್ಗುಲಿಗೆ ಹೊರಳಿಸಿ, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂಗಿದ. ಕಂಬಿಯಾಚೆ ನಿಂತ ವಾರ್ಡರ್ ಕಿವಿಯಲ್ಲಿ ಬೆಂಕಿಕಡ್ಡಿ ಆಡಿಸುತ್ತ, “ನಾಟಕ ಮುಗೀಲಿ, ಕಳಿಸೋಣ,” ಎಂದ. ಮುಗಿಯುವ ಹೊತ್ತಿಗೆ ತಮ್ಮನ ನಾಲಿಗೆ ಅರ್ಧ ಹರಿದಿತ್ತು. ಜೈಲಾಸ್ಪತ್ರೆಯ ಮಂಚಕ್ಕೆ ಅವನ ಕಾಲನ್ನು ಸರಪಳಿಯಿಂದ ಬಿಗಿದು ಮಲಗಿಸಿದರು. ಎಲ್ಲಿಗೆ ಓಡಿಹೋಗುತ್ತಾನೆಂದೋ!

ಅದರ ಮರುದಿನವೇ ದೊಡ್ಡ ಸಾಹೇಬರ ತಪಾಸಣೆ. ಅಂಗಳಕ್ಕೆ ನೀರು ಚಿಮುಕಿಸಿ, ಕೈದಿಗಳನ್ನು ಸಾಲಾಗಿ ನಿಲ್ಲಿಸಿದ್ದರು. ಸಾಹೇಬರು ಎರಡು ಕೀಲಿಗಳಿಂದ ಎರಡು ಬೀಗ ತೆಗೆದರು. ಒಳಗೆ ಮೂರು ಚೀಟಿ. ಮೂರೂ ಒಂದೇ ಕೈಬರಹ. ಸಾರು ರುಚಿಯಾಗಿದೆ, ಸಿಬ್ಬಂದಿ ತಂದೆತಾಯಿಯಂತೆ ನೋಡಿಕೊಳ್ಳುತ್ತಾರೆ.

“ಒಳ್ಳೇದು,” ಎಂದರು ಸಾಹೇಬರು.

ಬಡಗಿ ಸಾಲಿನಿಂದ ಹೊರಗೆ ಬಂದ. ಬರುವ ಮೊದಲು ಏನೂ ಯೋಚಿಸಿರಲಿಲ್ಲ, ಕಾಲೇ ತಂದವು.

“ಲೇ, ಸಾಲಿಗೆ ಹೋಗೋ!” ಮಾವ ಗದರಿದ.

“ಸಾರ್, ಈ ಪೆಟ್ಟಿಗೆ ಮಾಡಿದ್ದು ನಾನು. ಒಂದು ನಿಮಿಷ.” ಅಡಿಯ ಮೂಲೆಗೆ ಹೆಬ್ಬೆರಳು ಒತ್ತಿದ. ಅಡಿಹಲಗೆ ಸದ್ದಿಲ್ಲದೆ ಜಾರಿ ಬಂತು. ಬಡಗಿ ಕೆಳಗಿನಿಂದ ತೋಳು ತೂರಿಸಿದ. ಬೀಗದ ಮುಚ್ಚಳ ತೆರೆದಿದ್ದ ಮೇಲಿನ ಬಾಯಿಂದ ಐದೂ ಬೆರಳು ಹೊರಗೆ ಬಂದವು.

ಯಾರೋ ಹಿಂದಿನಿಂದ, “ಥೂ, ನಿನ್ನ ಕೈ ಸೇದಿಹೋಗ!” ಎಂದರು. ಅದು ತನಗೇ ಎಂದು ಬಡಗಿಗೆ ತಿಳಿಯಿತು.

“ಮಾಡಿಸಿದ್ದು ಇವ್ರು ಸಾರ್. ನನ್ನ ತಮ್ಮ ಒಂದು ಚೀಟಿ ಹಾಕಿದ್ದ. ಮಾತ್ರೆ ವಾರ್ಡರ್ ಕೈಗೆ ಕೊಡಬೇಡಿ, ಎಲ್ರ ಮುಂದೆ ಬಾಯಿಗೇ ಹಾಕಿ ಅಂತ. ಅಷ್ಟೇ ಸಾರ್ ಬರೆದಿದ್ದು. ಅವನೀಗ…”

ಸಾಹೇಬರು ಕೈಯೆತ್ತಿ ನಿಲ್ಲಿಸಿದರು. ಕನ್ನಡಕ ಸರಿಮಾಡಿಕೊಂಡು ಬಗ್ಗಿ, ತೋಡಿನುದ್ದಕ್ಕೂ ಬೆರಳಾಡಿಸಿದರು. ಅಡಿಹಲಗೆಯನ್ನು ತಾವೇ ಒಳಗೆ ತಳ್ಳಿದರು. ಮತ್ತೆ ಹೊರಗೆಳೆದರು. ಮತ್ತೆ ತಳ್ಳಿದರು.

“ಹೊರಗಿಂದ ಗೊತ್ತೇ ಆಗಲ್ಲವಲ್ಲ,” ಎಂದರು ಮಾವನ ಕಡೆ ತಿರುಗಿ. “ಇನ್ನೂ ಆರು ಜೈಲಿಗೆ ಪೆಟ್ಟಿಗೆ ಬೇಕು. ಇವನ ಕೈಲೇ ಮಾಡಿಸಿ. ಇದೇ ಅಳತೆ.”

“ಆಗ್ಲಿ ಸಾರ್,” ಎಂದ ಮಾವ.

ಮಧ್ಯಾಹ್ನ ವರ್ಕ್‌ಶಾಪಿಗೆ ಹಲಗೆಗಳು ಬಂದಿಳಿದವು. ಬಡಗಿಯ ಮೈಮೇಲೆ ಯಾರೂ ಕೈ ಮಾಡಲಿಲ್ಲ. ಆರು ಪೆಟ್ಟಿಗೆ ಮುಗಿಯುವವರೆಗೆ ಆ ಕೈ ಸರ್ಕಾರಕ್ಕೆ ಬೇಕಿತ್ತು. ಮಾವ ಹಲಗೆಯ ಮೇಲೆ ಒಂದು ಮಾತ್ರೆ ಇಟ್ಟ. “ಇವತ್ತಿಂದು. ನಾಳೆದು ನಾಳೆ ಕೆಲಸ ನೋಡಿ.”

ಸಂಜೆ ಬಡಗಿ ತಮ್ಮನ ಮಂಚದ ಬಳಿ ಕುಳಿತು ಮಾತ್ರೆಯನ್ನು ಬಾಯಿಗಿಟ್ಟು ನೀರು ಕುಡಿಸಿದ. ಅರ್ಧ ನೀರು ತುಟಿಯಂಚಿನಿಂದ ಇಳಿಯಿತು. ತಮ್ಮ ಊದಿದ ನಾಲಿಗೆಯಲ್ಲಿ ಒಂದೊಂದೇ ಮಾತು ಹೊರಳಿಸಿದ.

“ಸಾಹೇಬ್ರು… ಬಂದಿದ್ರಾ?”

“ಬಂದಿದ್ರು.”

“ಚೀಟಿ ಓದಿದ್ರಾ?”

ಬಡಗಿ ಅವನ ತುಟಿಯಂಚು ಒರೆಸಿದ. ತಮ್ಮ ಉತ್ತರಕ್ಕೆ ಕಾಯಲಿಲ್ಲ. ಗಂಟಲು ಮುಟ್ಟಿ ತೋರಿಸಿದ. ಮಾತ್ರೆ ಇಳಿದುಹೋದ ದಾರಿ ಅದು.

“ನೋಡಿದ್ಯಾ… ಮಾತ್ರೆ ಬಂತು. ನಿನ್ನ ಪೆಟ್ಟಿಗೆ… ಸುಳ್ಳಾಗುತ್ತಾ?” ಕಣ್ಣಲ್ಲಿ ನಗು ಬಂತು. “ಬ್ಯಾರಕ್ಕಿನ ಆ ಮೂಲೆ ತಾತನ ಬೇಲ್ ಕಾಗದ… ಆಫೀಸಿನವ್ರು ಮುಚ್ಚಿಟ್ಟಿದ್ದಾರಂತೆ. ಅದನ್ನೂ ಬರೀತೀನಿ.”

ಹೊದಿಕೆಯೊಳಗಿನಿಂದ ತಮ್ಮನ ಕೈ ಎದ್ದು, ಅಣ್ಣನ ಕಿವಿಯ ಮೇಲಿದ್ದ ಮೋಟು ಪೆನ್ಸಿಲಿನತ್ತ ಬಂತು. ಬಡಗಿಗೆ ತಲೆ ಹಿಂದಕ್ಕೆ ಎಳೆದುಕೊಳ್ಳಲೂ ಆಗಲಿಲ್ಲ.