ವೀರಭದ್ರ ದೇವರ ಮನೆಗೆ ಹೊಗೆಕೊಳವೆ

ಬೆಳಕಿಂಡಿಗೆ ತಗಡು ಬಡಿದ ಮೇಲೆ ಮಡಿವಾಳಪ್ಪನ ಅಡುಗೆಮನೆಯ ಹೊಗೆಗೆ ಹೊರಗೆ ಹೋಗುವ ದಾರಿಯೇ ಇಲ್ಲದಂತಾಯಿತು. ಅದು ಒಲೆಯಿಂದೆದ್ದು ಮಾಳಿಗೆಯ ತೊಲೆಗಳಿಗೆ ತಾಗಿ, ತಿರುಗಿ ಕೆಳಗಿಳಿದು, ರೊಟ್ಟಿ ಬಡಿಯುತ್ತ ಕುಳಿತ ಸೊಸೆ ಭಾಗ್ಯಶ್ರೀಯ ಮುಖಕ್ಕೇ ಬರುತ್ತಿತ್ತು. ಆಕೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು, ಕೆಮ್ಮುತ್ತಿದ್ದಳು, ಮತ್ತೆ ಹಿಟ್ಟಿಗೆ ಕೈ ಹಾಕುತ್ತಿದ್ದಳು. ಪಡಸಾಲೆಯಲ್ಲಿ ಪೂಜೆಗೆ ಕುಳಿತ ಮಡಿವಾಳಪ್ಪನಿಗೆ ಆ ಕೆಮ್ಮು ಕೇಳಿದಾಗಲೆಲ್ಲ ಅಂಗೈಯ ಲಿಂಗದ ಮೇಲಿನ ದೃಷ್ಟಿ ಕದಲುತ್ತಿತ್ತು. ಅವನ ಹೆಂಡತಿ ಗೌರಕ್ಕನ ಕೆಮ್ಮೂ ಹೀಗೆಯೇ ಶುರುವಾಗಿತ್ತು. ಮೊದಲು ಒಣ ಕೆಮ್ಮು, ಆಮೇಲೆ ದಮ್ಮು, ಕಡೆಗೆ ಮಾತಾಡುವಷ್ಟೂ ಉಸಿರು ಉಳಿಯಲಿಲ್ಲ. ಹೋದ ಶ್ರಾವಣದಲ್ಲಿ ಆಕೆ ಲಿಂಗೈಕ್ಯಳಾದಳು. ಆಯುಷ್ಯವಿಡೀ ಉಂಡ ಹೊಗೆಯೇ ಎದೆಯಲ್ಲಿ ಕೂತಿದೆ ಎಂದು ದವಾಖಾನೆಯಲ್ಲಿ ಹೇಳಿದ್ದರು.

ಆ ಒಲೆಯಿಂದಲೇ ಮನೆ ನಡೆಯುತ್ತಿತ್ತು. ಪರೀಕ್ಷೆಗಳಿಗೆ ಓದಲು ಧಾರವಾಡಕ್ಕೆ ಬಂದ ಹುಡುಗರು ಗೌರಕ್ಕನ ಕಾಲದಿಂದಲೂ ಅವರ ಮನೆಯ ಖಾನಾವಳಿಗೆ ಬರುತ್ತಿದ್ದರು. ಅತ್ತೆ ಹೋದ ಮೇಲೆ ಸೊಸೆ ಅದೇ ಮಣೆಯ ಮೇಲೆ ಕುಳಿತಳು. ಗ್ಯಾಸಿನ ಮೇಲೆ ಮಾಡಿ ನೋಡಿದ್ದೂ ಆಗಿತ್ತು. ಕೆಂಡದ ಮುಂದೆ ಆನಿಸಿಟ್ಟು ಒಣಗಿಸದ ಕಡಕ್ ರೊಟ್ಟಿ ಸಂಜೆಯೊಳಗೆ ಮೆತ್ತಗಾಗಿ, ಹುಡುಗರು "ಅಕ್ಕಾರ, ಇದನ್ನ ತಿನ್ನೋದೋ, ಚಪ್ಪಲಿಗೆ ಹೊಲಿಸ್ಕೊಳ್ಳೋದೋ?" ಎಂದು ಕೇಳಿದ್ದರು.

ತಂಟೆ ಎದ್ದದ್ದು ಪಕ್ಕದ ಸಾವಂತ್ರೆವ್ವ ತನ್ನ ಮನೆಯ ಮೇಲೆ ಎರಡಂತಸ್ತು ಏರಿಸಿ ಹುಡುಗಿಯರಿಗೆ ಕೋಣೆಗಳನ್ನು ಬಾಡಿಗೆಗೆ ಕೊಟ್ಟ ಮೇಲೆ. ಬೆಳಕಿಂಡಿಯ ಹೊಗೆ ನೇರ ಅವರ ಕಿಟಕಿಗೆ ಹೋಗುತ್ತಿತ್ತು. ಆಕೆ ವಾರ್ಡಿನ ಕಚೇರಿಗೆ ತಕರಾರು ಬರೆದಳು. ಅಲ್ಲಿಂದ ನೋಟಿಸು ಬಂತು: ಹೊಗೆ ಹೋಗಲು ನೆರೆಮನೆಯ ಮಾಳಿಗೆಗಿಂತ ಎತ್ತರದ ಕೊಳವೆ ಹಾಕಬೇಕು, ಹಾಕುವ ಮೊದಲು ಪರವಾನಿಗೆ ಪಡೆಯಬೇಕು, ಪಡೆಯುವ ತನಕ ಬೆಳಕಿಂಡಿಯನ್ನು ಮುಚ್ಚಿರಬೇಕು.

ತಗಡು ಬಡಿದದ್ದು ಕಂಡು ಸಾವಂತ್ರೆವ್ವ ತಾನೇ ಓಡಿ ಬಂದಳು.

"ಹೊಗಿ ಮ್ಯಾಲ ಹೋಗ್ಲಿ ಅಂತ ಬರದಿದ್ದೆ ಮಡಿವಾಳಪ್ಪಣ್ಣಾ, ನಿನ್ನ ಸೊಸಿ ಹೊಟ್ಟ್ಯಾಗ ಹೋಗ್ಲಿ ಅಂತಲ್ಲ. ಕೊಳವಿಗೆ ನನ್ನ ಒಪ್ಪಿಗಿ ಐತಿ. ಎಲ್ಲಿ ಸಹಿ ಮಾಡ್ಲಿ ಹೇಳು."

ಅವಳ ಒಪ್ಪಿಗೆ ಆಯಿತು. ತಗಡು-ಪತ್ರಾಸು ಕೆಲಸದ ಮಲ್ಲಿಕಸಾಬ ಕೊಳವೆಯನ್ನೂ, ಮಳೆ ಬೀಳದಂತೆ ಅದರ ತಲೆಗೊಂದು ಟೊಪ್ಪಿಗೆಯನ್ನೂ ಮಾಡಿ ಹಿತ್ತಲಿಗೆ ತಂದು ಹಾಕಿದ.

"ಅಣ್ಣಾರ, ಇದು ಮಲಗಿ ಮಲಗಿ ತುಕ್ಕು ಹಿಡೀತೈತಿ. ಹೂಂ ಅನ್ರಿ, ಇವತ್ತ ಎಬ್ಬಿಸಿ ನಿಂದರಸ್ತೇನಿ."

"ಪರವಾನಿಗಿ ಬರ್ಲಿ ತಡಿಯೋ ಮಲ್ಲಿಕಾ. ನಮ್ಮ ಮನಿತನದಾಗ ಯಾರೂ ಕಾಯ್ದೆ ಮುರದವರಲ್ಲ."

ಮಗ ವಿಶಾಲ ರಾಯಾಪುರದ ಗೋದಾಮಿಗೆ ಬೆಳಗಾಗುತ್ತಲೇ ಹೋಗುತ್ತಿದ್ದುದರಿಂದ ಕಚೇರಿಯ ಅಲೆದಾಟ ಮಡಿವಾಳಪ್ಪನ ಪಾಲಿಗೆ ಬಂತು. ಹಣೆಗೆ ವಿಭೂತಿ ಹಚ್ಚಿ, ರುಮಾಲು ಸುತ್ತಿ, ಕಾಗದಗಳನ್ನು ಚೀಲದಲ್ಲಿಟ್ಟುಕೊಂಡು ಹೋದ. ಗುಮಾಸ್ತ ಗಣಕಯಂತ್ರದಲ್ಲಿ ಮನೆಯ ನಂಬರು ಒತ್ತಿ, ಹುಬ್ಬು ಏರಿಸಿದ.

"ಅಜ್ಜಾರ, ಅರ್ಜಿಗೆ ನಿಮ್ಮ ಸಹಿ ನಡಿಯಂಗಿಲ್ರಿ. ಮಾಲಕರ ಸಹಿ ಬೇಕು."

"ಮಾಲಕರು ವೀರಭದ್ರ ದೇವರರಿ."

"ಆಯ್ತು, ಅವರ ಆಧಾರ್ ಕಾರ್ಡ್ ಕೊಡ್ರಿ."

"ಅವರು ದೇವರು ಅಂತ ಹೇಳಾಕತ್ತೇನಲ್ರಿ. ಗುಡಿಯಾಗ ಇರತಾರ."

ಗುಮಾಸ್ತ ಕೈ ನಿಲ್ಲಿಸಿ ಅವನ ಮುಖ ನೋಡಿದ. "ಹೊತ್ತು ಹೋಗದಕ್ಕ ಚಾಷ್ಟಿ ಮಾಡಾಕ ಬಂದೀರೇನು?"

ಅದು ತಮಾಷೆಯ ಮಾತಾಗಿರಲಿಲ್ಲ. ಪ್ಲೇಗಿನ ಕಾಲದಲ್ಲಿ ಓಣಿಗೆ ಓಣಿಯೇ ಊರ ಹೊರಗೆ ಗುಡಿಸಲು ಹಾಕಿಕೊಂಡಿದ್ದಾಗ ಮಡಿವಾಳಪ್ಪನ ಅಜ್ಜ, ತನ್ನ ಮಕ್ಕಳು ಜೀವಂತ ಮನೆಗೆ ಮರಳಿದರೆ ಆ ಮನೆ ನಿನ್ನದೇ ಎಂದು ವೀರಭದ್ರನಿಗೆ ಹರಕೆ ಹೊತ್ತಿದ್ದ. ಮಕ್ಕಳು ಮರಳಿದರು. ಬೇರೆಯವರಾದರೆ ದೇವರಿಗೆ ಬೆಳ್ಳಿಯ ಕಣ್ಣು ಮಾಡಿಸಿ ಕೈ ಮುಗಿಯುತ್ತಿದ್ದರು. ಅಜ್ಜ ಆಡಿದ ಮಾತಿನ ಮನುಷ್ಯ. ನೆಟ್ಟಗೆ ಚಾವಡಿಗೆ ಹೋಗಿ ಮನೆಯನ್ನು ದೇವರ ಹೆಸರಿಗೆ ಬರೆಸಿ, ತನ್ನನ್ನು ಬರಿಯ ವಹಿವಾಟುದಾರನೆಂದು ದಾಖಲು ಮಾಡಿಸಿದ. ಅಂದಿನಿಂದ ಮನೆಯವರು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತ ಬಂದರು. ಹೆಸರು ಬದಲಿಸುವುದೆಂದರೆ ದೇವರ ಕೈಯಿಂದ ಕಸಿದುಕೊಂಡಂತೆ ಎಂದು ಯಾರೂ ಅದರ ಗೊಡವೆಗೆ ಹೋಗಲಿಲ್ಲ.

ಗುಮಾಸ್ತ ಇದನ್ನೆಲ್ಲ ಕೇಳಿ, "ಹಂಗಾರ ಇದು ಗುಡಿ ಆತು. ಗುಡಿಯಾಗ ಖಾನಾವಳಿ ಒಲಿಗೆ ನಾವು ಹೆಂಗ ಪರವಾನಿಗಿ ಕೊಡೂಣ್ರಿ? ದೇವಸ್ಥಾನದ ವಿಭಾಗಕ್ಕ ಹೋಗ್ರಿ," ಎಂದ.

ಅಲ್ಲಿಗೆ ಹೋದ. ಅಲ್ಲಿ ಮೇಜಿಗೆ ಕುಳಿತ ಹೆಂಗಸು ಕಾಗದ ತಿರುವಿ ನೋಡಿ, "ನಮ್ಮ ಯಾದಿಯಾಗ ಈ ಗುಡಿ ಇಲ್ಲರಿ. ಇದ್ದಿದ್ರೂ ಶಿಖರಕ್ಕ ಅರ್ಜಿ ತಗೋತಿದ್ವಿ, ಹೊಗಿ ಕೊಳವಿಗೆ ಹೆಂಗ ತಗೊಳ್ಳೂದು? ಇದು ಮನಿ. ವಾರ್ಡ್ ಕಚೇರಿಗೆ ಹೋಗ್ರಿ," ಎಂದಳು.

ಮತ್ತೆ ಹಳೆಯ ಗುಮಾಸ್ತನ ಮುಂದೆ ನಿಂತ. ಗುಮಾಸ್ತ ಈಗ ಅವನನ್ನು ಕಂಡ ಕೂಡಲೇ ನಗತೊಡಗಿದ್ದ.

"ಎರಡು ಹಾದಿ ಅದಾವ ಅಜ್ಜಾರ. ಮನಿ ನಿಮ್ಮದು ಅಂತ ಕೋರ್ಟಿನಿಂದ ಹುಕುಂ ತರ್ರಿ. ಇಲ್ಲಾ, ದೇವರ ಕಡೆಯಿಂದ ಸಹಿ ಮಾಡಿಸ್ಕೊಂಡು ಬರ್ರಿ."

"ಕೋರ್ಟಿಗೆ ಹೋಗಿ ದೇವರ ಮ್ಯಾಲ ದಾವಾ ಹೂಡ್ಲೇನು?"

"ಹೂಡ್ರಿ. ಅವರಂತೂ ತಕರಾರು ಮಾಡಾಕ ಬರಂಗಿಲ್ಲ."

ಪಕ್ಕದ ಮೇಜಿನವರೂ ನಕ್ಕರು. ಮಡಿವಾಳಪ್ಪನ ಕಿವಿ ಬಿಸಿಯಾದವು. "ನೋಟಿಸ ಕೊಡುವಾಗ ನಾನು ಮಾಲಕ ಆಗಿದ್ದೆ, ನನ್ನ ಕೈಯಾಗ ಕೊಟ್ರಿ. ಬೆಳಕಿಂಡಿ ಮುಚ್ಚಸೂವಾಗೂ ಮಾಲಕ ಆಗಿದ್ದೆ. ಕೊಳವಿ ಕೇಳಿದ ಕೂಡ್ಲೆ ಯಾರೂ ಅಲ್ಲದಾಂವ ಆದ್ನಿ? ಮನ್ಯಾಗ ಹೆಣ್ಣುಮಗಳು ಹೊಗಿ ಕುಡಿಯಾಕತ್ತಾಳ್ರಿ!"

"ಹಂಗಿದ್ರ ಒಲಿ ಹಚ್ಚಬ್ಯಾಡ್ರಿ. ಅದಕ್ಕೇನು ಪರವಾನಿಗಿ ಬೇಕಾಗಂಗಿಲ್ಲ," ಎಂದು ಗುಮಾಸ್ತ ಮುಂದಿನವನನ್ನು ಕರೆದ.

ಮಡಿವಾಳಪ್ಪ ಮನೆಗೆ ಬಂದಾಗ ಭಾಗ್ಯಶ್ರೀ ಹಿತ್ತಲ ಹೊಸ್ತಿಲ ಮೇಲೆ ಕುಳಿತಿದ್ದಳು. ಎರಡೂ ಕೈಗಳನ್ನು ನೆಲಕ್ಕೂರಿ, ಹೆಗಲೆತ್ತಿ ಎತ್ತಿ ಉಸಿರು ಎಳೆದುಕೊಳ್ಳುತ್ತಿದ್ದಳು. ಮಾವನನ್ನು ಕಂಡು ಸೆರಗು ಸರಿಪಡಿಸಿಕೊಂಡಳು.

"ಏನಿಲ್ರಿ ಮಾವಾರ. ಒಂದೀಟು ಗಾಳಿಗೆ ಬಂದೆ."

ಗೌರಕ್ಕನೂ ಏನಿಲ್ಲ ಎಂದೇ ಅನ್ನುತ್ತಿದ್ದಳು. ಕಡೆಯ ವಾರದ ತನಕ ಏನಿಲ್ಲ ಎಂದೇ ಅಂದಳು. ಮಡಿವಾಳಪ್ಪ ನೀರು ಕೂಡ ಕುಡಿಯದೆ ಹೊರಬಿದ್ದು ಓಣಿಯ ತುದಿಯ ವೀರಭದ್ರನ ಗುಡಿಗೆ ನಡೆದ.

ಪೂಜೆಯ ಅಯ್ಯನವರು ಅವನ ಮುಖ ನೋಡಿಯೇ ಹೂವಿನ ಬುಟ್ಟಿ ಎತ್ತಿಕೊಂಡರು. ಆ ಗುಡಿಯಲ್ಲಿ ಇಂಥ ಹೊತ್ತಿಗೆ ಪ್ರಸಾದ ಕೇಳುವ ರೂಢಿಯಿತ್ತು. ದೇವರ ಎರಡೂ ಭುಜಕ್ಕೆ ಹೂ ಏರಿಸಿ ಕಾಯುವುದು. ಬಲಗಡೆಯದು ಮೊದಲು ಬಿದ್ದರೆ ಒಪ್ಪಿಗೆ. ಗೌರಕ್ಕ ದವಾಖಾನೆಯಲ್ಲಿದ್ದಾಗಲೂ ಮಡಿವಾಳಪ್ಪ ಕೇಳಿದ್ದ. ಬಲಗಡೆಯ ಹೂ ಬಿದ್ದಿತ್ತು. ಅದನ್ನು ತಂದು ಆಕೆಯ ತಲೆದಿಂಬಿನ ಕೆಳಗೆ ಇಟ್ಟಿದ್ದ. ಆ ಹೂ ಬಾಡುವ ಮೊದಲೇ ಆಕೆ ಹೋಗಿದ್ದಳು.

"ಬರ್ರಿ, ಕೇಳೂಣು. ಏನಂತ ಕೇಳೂಣು?" ಎಂದರು ಅಯ್ಯನವರು.

"ಹೂ ಇಡಬ್ಯಾಡ್ರಿ ಅಯ್ಯಾರ. ನಾ ಕೇಳಾಕ ಬಂದಿಲ್ಲ. ಹೇಳಿ ಹೋಗಾಕ ಬಂದೇನಿ."

ಅಯ್ಯನವರ ಕೈ ಬುಟ್ಟಿಯಲ್ಲೇ ನಿಂತಿತು. ಮಡಿವಾಳಪ್ಪ ದೇವರ ಎದುರು ಕೈ ಮುಗಿಯಲಿಲ್ಲ. ಅವನಿಗೆ ದಮ್ಮು ಹತ್ತಿತ್ತು.

"ಮನಿ ನಿಂದು. ಮುತ್ಯಾ ಕೊಟ್ಟದ್ದು ನಾ ಮರಳಿ ಕೇಳೂದಿಲ್ಲ. ಆದ್ರ ನಿನ್ನ ಮನ್ಯಾಗ ಒಬ್ಬಾಕಿ ಉಸಿರು ಕಟ್ಟಿ ಸತ್ತಳು. ಇನ್ನೊಬ್ಬಾಕಿನ್ನ ನಾ ಕೊಡಂಗಿಲ್ಲ. ನಾಳೆ ಕೊಳವಿ ಏರಸ್ತೇನಿ. ಅದು ತಪ್ಪಾದ್ರ ನನಗ ಏನ ಮಾಡ್ತಿ ಮಾಡು, ಆಕಿ ತಂಟೆಗೆ ಬರಬ್ಯಾಡ."

"ದೇವರ ಮುಂದ ಹಿಂಗ ಮಾತಾಡಬಾರದ್ರೀ," ಎಂದರು ಅಯ್ಯನವರು ಮೆಲ್ಲಗೆ.

"ಯಾರ ಮುಂದ ಮಾತಾಡ್ಲಿರಿ ಮತ್ತ?" ಎಂದ ಮಡಿವಾಳಪ್ಪ. ಆಗ ಕೈ ಮುಗಿದು ಹೊರಗೆ ಬಂದ.

ಮರುದಿನ ಮಲ್ಲಿಕಸಾಬ ಬಿಸ್ಮಿಲ್ಲಾ ಎಂದು ತಗಡು ಕಿತ್ತ. ವಿಶಾಲ ರಜೆ ಹಾಕಿ ಕೆಳಗಿನಿಂದ ಕೊಳವೆ ಎತ್ತಿ ಕೊಟ್ಟ. ಸಾವಂತ್ರೆವ್ವ ತನ್ನ ಕಿಟಕಿಯಲ್ಲಿ ನಿಂತು, "ಇನ್ನೊಂದ ಗೇಣು ಏರಸ್ರೋ! ನಿಮ್ಮ ಪಲ್ಯೇದ ವಗ್ಗರಣಿನೂ ನನಗ ಬ್ಯಾಡ!" ಎಂದು ಕೂಗುತ್ತಿದ್ದಳು. ಒಲೆ ಹೊತ್ತಿಸಿದಾಗ ತಣ್ಣಗಿದ್ದ ಕೊಳವೆ ಹೊಗೆಯನ್ನು ಎಳೆಯದೆ ಒಳಗೇ ದಬ್ಬಿತು. ಮಲ್ಲಿಕಸಾಬ ಹಳೆಯ ಪೇಪರು ಸುತ್ತಿ ಹಚ್ಚಿ ಕೊಳವೆಯ ಬಾಯಿಗೆ ಹಿಡಿದ. ಸ್ವಲ್ಪ ಹೊತ್ತಿಗೆ ಹೊಗೆ ಹಗ್ಗದಂತೆ ಹುರಿಗೊಂಡು ಮೇಲಕ್ಕೆ ನಡೆಯಿತು.

ಮಧ್ಯಾಹ್ನದ ಹೊತ್ತಿಗೇ ಕಚೇರಿಯವನೊಬ್ಬ ಬೈಕು ನಿಲ್ಲಿಸಿ, ಮೊಬೈಲಿನಲ್ಲಿ ಕೊಳವೆಯ ಫೋಟೋ ತೆಗೆದ.

"ಪರವಾನಿಗಿ ಐತೇನ್ರಿ ಇದಕ್ಕ?"

"ಇಲ್ಲ," ಎಂದ ಮಡಿವಾಳಪ್ಪ. "ಒಳಗ ಬರ್ರಿ. ಒಲಿ ಮುಂದ ಕುಂತು ಒಂದು ರೊಟ್ಟಿ ತಿನ್ರಿ. ಆಮ್ಯಾಲ ಏನ ಬರಕೋತೀರಿ ಬರಕೋರಿ."

"ಅದೆಲ್ಲ ಬ್ಯಾಡ್ರಿ. ನನ್ನ ಕೆಲಸ ಬರಿಯೂದು," ಎಂದು ಅವನು ಬೈಕಿನ ಮೇಲೆ ಕುಳಿತೇ ಬರೆದು, ಚೀಟಿ ಹರಿದು ಕೊಟ್ಟು ಹೋದ.

ಮಡಿವಾಳಪ್ಪ ಅದನ್ನು ಓದದೆ ಕೈಯಲ್ಲೇ ಹಿಡಿದುಕೊಂಡ. ಸಿಟ್ಟು ಇಳಿದಿರಲಿಲ್ಲ. ನಾಳೆ ಮತ್ತೆ ಆ ಮೆಟ್ಟಿಲು ಹತ್ತಬೇಕು, ಮತ್ತೆ ಆ ನಗು ಕೇಳಬೇಕು. ಅಡುಗೆಮನೆಯ ಬಾಗಿಲ ಹೊರಗೆ ಗೋಡೆಗೆ ಆನಿಕೊಂಡು ನಿಂತು, ಕೆಮ್ಮು ಕೇಳೀತೇನೋ ಎಂದು ಕಿವಿಗೊಟ್ಟ. ಒಳಗೆ ರೊಟ್ಟಿ ಬಡಿಯುವ ಸಪ್ಪಳವೊಂದೇ ಬಹಳ ಹೊತ್ತು ಕೇಳುತ್ತಿತ್ತು.