ಡೀನ್ ಧ್ವನಿಯಲ್ಲಿ ಒಂದು ಫೋನು

ನನ್ನ ಮಾತಿನಲ್ಲಿ ಅರ್ಧ ಮಿಮಿಕ್ರಿ, ಉಳಿದರ್ಧ ಉಪ್ಪುಖಾರ ಎಂದು ಮನೆಯವರೆಲ್ಲ ಹೇಳುತ್ತಾರೆ. ಇದೊಂದಕ್ಕೆ ಮಾತ್ರ ಚಿಟಿಕೆ ಉಪ್ಪನ್ನೂ ಹಾಕಿಲ್ಲ. ನಡೆದದ್ದು ನಡೆದ ಹಾಗೆ.

ನಮ್ಮಕ್ಕ ಕಾಲೇಜಿನ ವಾಲಿಬಾಲ್ ತಂಡದ ಲಿಫ್ಟರ್. ಚೆಂಡು ಎತ್ತಿಕೊಡುವುದು ಅವಳ ಪಾಲು, ಹೊಡೆದು ಚಪ್ಪಾಳೆ ಗಿಟ್ಟಿಸುವುದು ಪಕ್ಕದವಳ ಪಾಲು. ಅವಳಿಗೆ ಬೇಕಾಗಿದ್ದದ್ದು ಮೆಡಿಕಲ್ ಸೀಟು. ತರಬೇತುದಾರರ ಕೊರಳಲ್ಲಿ ಸದಾ ಸೀಟಿ ತೂಗುತ್ತಿದ್ದುದರಿಂದ ಅವರು ನಮಗೆ ಸೀಟಿ ಮಾಸ್ತರು. ಸೀಟಿ ಊದುವವರೇ ಸೀಟು ಕೊಡಿಸುತ್ತಾರೆಂದು ನಾನು ರೇಗಿಸಿದರೆ ಅಕ್ಕ ನಗುತ್ತಿರಲಿಲ್ಲ, ನಂಬುತ್ತಿದ್ದಳು.

ನಂಬಿಸಿದ್ದೂ ಅವರೇ. "ಮಾರ್ಕ್ಸ್ ಎಲ್ಲರ ಹತ್ರಾನೂ ಇರುತ್ತೆ ಕಣಮ್ಮ. ಸೋತು ಗೆದ್ದು ಗೊತ್ತಿರೋ ಮಕ್ಕಳು ಬೇಕು ಆ ಮೆಡಿಕಲ್ ಕಾಲೇಜಿನವ್ರಿಗೆ. ಅಲ್ಲಿನ ಡೀನ್ ಕೇಳ್ಲಿ, ನಾನು ಹೇಳ್ತೀನಿ." ಅಕ್ಕ ಕೆಮಿಸ್ಟ್ರಿ ಲ್ಯಾಬ್ ತಪ್ಪಿಸಿ ಅಭ್ಯಾಸಕ್ಕೆ ಹೋದಳು. ಅಂಕಗಳು ಅಂಚಿಗೆ ಬಂದು ನಿಂತವು. ಫೈನಲ್ ನಡುವೆ ಕಿರುಬೆರಳು ಮುರಿದಾಗ ಮಾಸ್ತರೇ ಪಟ್ಟಿ ಸುತ್ತಿ, ಕಿವಿಯಲ್ಲಿ ಹೇಳಿದರು: "ಬಾಯಿ ಬಿಡ್ಬೇಡ, ಆಡು. ನಾಳೆ ಡೀನ್‌ಗೆ ನಾನು ಹೇಳೋದೇ ಇದನ್ನ." ತಂಡ ಗೆದ್ದಿತು. ಬೆರಳು ಸೊಟ್ಟಗೇ ಕೂಡಿಕೊಂಡಿತು.

ಆ ಮೆಡಿಕಲ್ ಕಾಲೇಜಿನಲ್ಲೊಂದು ಪದ್ಧತಿ: ಸಂದರ್ಶನ ಮುಗಿದ ಮೇಲೆ, ಅಭ್ಯರ್ಥಿ ಹೆಸರಿಸಿದ ಒಬ್ಬರಿಗೆ ಡೀನ್ ತಾವೇ ಫೋನ್ ಮಾಡಿ ವಿಚಾರಿಸುತ್ತಾರೆ. ಅಕ್ಕ ಹೆಸರಿಸಿದ್ದು ಮಾಸ್ತರನ್ನು. ಅವಳ ಜೊತೆ ಹೋಗಿ ಬಾಗಿಲಾಚೆ ಕೂತಿದ್ದ ನಾನು, ಹೊತ್ತು ಹೋಗದೆ, ಡೀನ್ ಧ್ವನಿಯನ್ನು ಕದ್ದು ತಂದೆ. ವಾಕ್ಯಕ್ಕೆ ಮುಂಚೆ ಗಂಟಲು ಸರಿಮಾಡಿಕೊಳ್ಳುವುದು, ಕೊನೆಗೊಂದು "ಅಲ್ಲವೇ?"

ಮರುದಿನ ಸಂಜೆ ಅಡುಗೆಮನೆಯಲ್ಲಿ ಅದನ್ನು ಮಾಡಿ ತೋರಿಸಿದಾಗ, ಬಟಾಣಿ ಬಿಡಿಸುತ್ತಿದ್ದ ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಲೋ, ಮಾಸ್ತರಿಗೆ ಫೋನ್ ಮಾಡೋ," ಎಂದಳು ಅಕ್ಕ. "ನನ್ನನ್ನ ಎಷ್ಟು ಹೊಗಳ್ತಾರೆ ಕೇಳೋಣ."

"ದೊಡ್ಡೋರ ಹತ್ರ ಹುಡುಗಾಟ ಬೇಡ," ಎನ್ನುತ್ತಲೇ ಅಮ್ಮ ತನ್ನ ಫೋನು ದೂಡಿದಳು. ಆ ನಂಬರು ಮಾಸ್ತರ ಬಳಿ ಇರಲಿಲ್ಲ. ಸ್ಪೀಕರ್ ಹಾಕಿದೆವು.

"ಹ್ರುಂ. ನಾನು ಡೀನ್. ನಿಮ್ಮ ಆಟಗಾರ್ತಿ ವಿಷಯ, ಅಲ್ಲವೇ?"

"ಅಯ್ಯೋ ಸರ್, ಮತ್ತೆ ಮಾಡಿದ್ರಾ? ಬೆಳಿಗ್ಗೇನೇ ಎಲ್ಲಾ ಹೇಳಿದ್ನಲ್ಲ!"

ನಿಜವಾದ ಡೀನ್ ಆಗಲೇ ಫೋನ್ ಮಾಡಿದ್ದರು! ಅಕ್ಕ ಕಣ್ಣರಳಿಸಿ, ಮುಂದುವರಿಸು ಎಂದು ಸನ್ನೆ ಮಾಡಿದಳು.

"ಹ್ರುಂ. ಇನ್ನೊಂದು ಸಲ ಹೇಳಿ."

"ಕೋರ್ಟಲ್ಲಿ ಬಂಗಾರ ಸರ್. ಆದ್ರೆ ಡಾಕ್ಟ್ರು ಕೆಲ್ಸಕ್ಕೆ... ಒತ್ತಡ ತಡಿಯಲ್ಲ. ಫೈನಲ್ನಲ್ಲಿ ಕೈ ನಡುಗ್ತಿತ್ತು, ಕಣ್ಣಾರೆ ನೋಡಿದೀನಿ. ಇನ್ನೊಂದು ವರ್ಷ ನಮ್ಮಲ್ಲೇ ಪಳಗಲಿ. ನಮಗೂ ಕಪ್ ಉಳಿಸ್ಕೋಬೇಕು ನೋಡಿ. ನೀವೂ 'ಸರಿ, ಆ ಸೀಟು ಬೇರೆಯವ್ರಿಗೆ ಕೊಡ್ತೀವಿ' ಅಂದ್ರಲ್ಲ?"

ಅಮ್ಮನ ಕೈಯಲ್ಲಿ ಬಟಾಣಿ ಸಿಪ್ಪೆ ಹಾಗೇ ಉಳಿಯಿತು. ಅಕ್ಕ ಫೋನು ಎಳೆದುಕೊಂಡಳು.

"ಸರ್, ನಾನು. ಆ ಕೈಗೆ ಪಟ್ಟಿ ಸುತ್ತಿದ್ದು ಯಾರು ಅಂತ ಹೇಳಿದ್ರಾ?"

ಆ ಕಡೆಯಿಂದ ಒಂದು ಗಹಗಹ ನಗು. "ಏ ತಾಯೀ! ನಿನ್ನ ತಮ್ಮ ತಾನೇ? ನಂಗೆ ಆಗ್ಲೇ ಗೊತ್ತಾಯ್ತು ಕಣಮ್ಮ! ನಾನೂ ತಮಾಷೆಗೇ ಅಂದೆ!"

"ಬೆಳಿಗ್ಗೆ ಡೀನ್‌ಗೆ ಹೇಳಿದ್ದೂ ತಮಾಷೆನಾ ಸರ್?"

ನಗು ನಿಂತಿತು. "ಅದು... ನಿನ್ನ ಒಳ್ಳೇದಕ್ಕೇ ಅಲ್ವಾ. ಇರ್ಲಿ, ನಾಳೆ ಅಭ್ಯಾಸಕ್ಕೆ ಬರ್ತೀಯ ತಾನೇ? ನೀನಿಲ್ದೆ ಎತ್ತಿಕೊಡೋರು ಯಾರು?"

ಆಗ ಅಕ್ಕ ನಕ್ಕಳು. ಊರಿನವರ ನಗುವನ್ನೆಲ್ಲ ನಕ್ಕು ತೋರಿಸುವ ನನಗೆ ಆ ನಗು ಯಾರದೆಂದೇ ತಿಳಿಯಲಿಲ್ಲ. ಮಾಸ್ತರು "ಹಲೋ, ಹಲೋ" ಎನ್ನುತ್ತಿದ್ದರು. ಅಮ್ಮ ಫೋನು ಕಸಿದು ಕಟ್ ಮಾಡಿದಳು. ಅಕ್ಕ ಮಾತ್ರ ಸೊಟ್ಟ ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, ಮಾಸ್ತರಿಗಿಂತ ಜೋರಾಗಿ, ನಗುತ್ತಲೇ ಇದ್ದಳು.